ಉದಾಹರಣೆ ಸಹಿತ ವಿವರಿಸಿ

ಬಾಯಿ ಮುಚ್ಚಿಕೊಂಡಿರುವುದಕ್ಕೂ ಇಂಗ್ಲಿಷ್ ಕಲಿಯಬೇಕು ಅಂತ ಇಸ್ತ್ರಿಯವಳಿಗೆ ಗೊತ್ತಾದದ್ದು ಅವಳ ನಾದಿನಿ ಸತ್ತ ಮೇಲೆ.

ಅಲ್ಲಿಯವರೆಗೆ ಆ ಕೆಲಸಕ್ಕೆ ಎರಡೇ ಮಾತು ಸಾಕಾಗಿತ್ತು. ಎಸ್ ಸರ್. ಸಾರಿ ಸರ್. ಕರೆದರೆ ಮೊದಲನೆಯದು, ಬೈದರೆ ಎರಡನೆಯದು. ಇವೆರಡನ್ನೇ ಬಂಡವಾಳ ಮಾಡಿಕೊಂಡು ಆ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಎಷ್ಟೋ ಹೆಂಗಸರು ಬಟ್ಟೆ ಒಗೆದು, ಹಿಂಡಿ, ಇಸ್ತ್ರಿ ಮಾಡಿ, ಮುದುಕಿಯರಾಗಿ ಮನೆಗೆ ಹೋಗಿದ್ದರು. ಮೂರನೆಯ ಮಾತು ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಅದು ಅಂತಿಂಥ ಹೋಟೆಲಲ್ಲ. ಮೇಲಿನ ಅಂತಸ್ತುಗಳಲ್ಲಿ ದೇಶ ದೇಶಗಳು ಬಂದು ಮಾತಾಡುತ್ತಿದ್ದವು. ಉದ್ದನೆಯ ಮೇಜು, ಮೇಜಿನ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಪುಟ್ಟ ಪುಟ್ಟ ಬಾವುಟ. ಕೆಳಗೆ ಆ ದೇಶಗಳ ಹಾಸಿಗೆ ಬಟ್ಟೆ, ಕೈ ಒರೆಸಿದ ಬಟ್ಟೆ, ಬಾಯಿ ಒರೆಸಿದ ಬಟ್ಟೆ. ಯಾವ ದೇಶದ್ದಾದರೂ ಕೊಳೆ ಒಂದೇ ಥರ ಅಂತ ಕೆಳಗಿನವರಿಗೆ ಎಂದೋ ಗೊತ್ತಾಗಿಹೋಗಿತ್ತು.

ನೆಲಮಾಳಿಗೆಗೆ ಕಿಟಕಿ ಇರಲಿಲ್ಲ. ಟ್ಯೂಬ್‌ಲೈಟೇ ಸೂರ್ಯ. ಒಂದು ಕಡೆ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಬಿಸಿ ರೋಲರು, ಮೂಲೆಯಲ್ಲಿ ಬಾಯ್ಲರು. ಒದ್ದೆ ಬಟ್ಟೆಯ ರಾಶಿಯನ್ನು ಯಂತ್ರದ ಬಾಯಿಂದ ಎಳೆದು ಗಾಡಿಗೆ ಹಾಕುವಾಗ ಸೊಂಟ ಲಟಕ್ಕೆನ್ನುತ್ತಿತ್ತು. ಕಾಲು ದಿನವಿಡೀ ಸೋಪಿನ ನೀರಲ್ಲಿ. ರೋಲರಿಗೆ ಬಟ್ಟೆ ಕೊಡುವವಳ ಬೆರಳ ತುದಿ ದಿನಾ ಸುಟ್ಟು ಸುಟ್ಟು, ಕೊನೆಗೆ ಸುಡುವುದೇ ಗೊತ್ತಾಗದಷ್ಟು ದಪ್ಪವಾಗುತ್ತಿತ್ತು. ಅದನ್ನು ಮೇಲಿನವರು ಅನುಭವ ಅಂತ ಕರೆಯುತ್ತಿದ್ದರು.

ಎರಡು ದೇಶಗಳ ಶಾಂತಿ ಮಾತುಕತೆ ನಡೆದ ದಿನ ಕೆಳಗೆ ಆವಿಯ ಪೈಪು ಒಡೆದು ನಾದಿನಿ ಸತ್ತಳು. ಇಷ್ಟು ಊರಿಗೇ ಗೊತ್ತು. ಇದಕ್ಕಿಂತ ಹೆಚ್ಚು ಗೊತ್ತಿದ್ದದ್ದು ಆ ಹೊತ್ತು ಕೆಳಗಿದ್ದ ಹೆಂಗಸರಿಗೆ ಮಾತ್ರ. ಅವರ ಬಾಯಿಗೆ ಬೀಗ ಹಾಕಬೇಕಿತ್ತು. ಅದಕ್ಕೊಂದು ಕಾಗದ ತಯಾರಾಯಿತು.

ಮೊದಲು ಹೆಬ್ಬೆಟ್ಟು ಒತ್ತಿಸಲು ನೋಡಿದರು. ಮಸಿ ಬಳಿದು ಒತ್ತಿದರೆ ಕಾಗದದ ಮೇಲೆ ಬರೀ ಕಪ್ಪು ಬೊಟ್ಟು. ಗೆರೆಯೇ ಇಲ್ಲ. ಸೋಡ ಮತ್ತು ಬ್ಲೀಚು ಸೇರಿ ಬೆರಳಿನ ಗೆರೆಗಳನ್ನು ತಿಂದು ನೀರು ಕುಡಿದಿದ್ದವು. ಹೋಟೆಲಿನ ವಕೀಲಮ್ಮ ಇಸ್ತ್ರಿಯವಳ ಹೆಬ್ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹರಿದ ನೋಟನ್ನು ನೋಡುವ ಹಾಗೆ.

"ಇದು ನಡಿಯಲ್ಲ," ಅಂದಳು. "ಸಹಿನೇ ಹಾಕಿಸ್ಬೇಕು. ಅದೂ ಸಾಲದು. ನಾಳೆ ಇವರು ಕೋರ್ಟಿಗೆ ಹೋಗಿ, ಏನು ಬರೆದಿದೆ ಅಂತ ಗೊತ್ತಿಲ್ದೆ ಹಾಕಿದ್ವಿ ಅಂದ್ರೆ ಈ ಕಾಗದ ಒಲೆ ಹಚ್ಚೋಕೆ ಆಗುತ್ತೆ ಅಷ್ಟೆ."

ಮ್ಯಾನೇಜರು ನಕ್ಕ. ಅವನು ಯಾವಾಗಲೂ ನಗುತ್ತಿದ್ದ. ಆಸ್ಪತ್ರೆಯ ಶವಾಗಾರದ ಮುಂದೆಯೂ ಆ ನಗು ತುಟಿ ಬಿಟ್ಟು ಇಳಿದಿರಲಿಲ್ಲ. ಅದಕ್ಕೇ ಕೆಳಗಿನವರು ಅವನಿಗೆ ನಗುಮುಖ ಅಂತ ಹೆಸರಿಟ್ಟಿದ್ದರು. "ಇವರ ಭಾಷೇಲೇ ಬರೆಸಿಬಿಡೋಣ ಮೇಡಂ," ಅಂದ.

"ಬರೆಯೋನಿಗೆ ವಿಷಯ ಗೊತ್ತಾಗುತ್ತೆ. ಅವನ ಬಾಯಿಗೊಂದು ಕಾಗದ. ಟೈಪ್ ಮಾಡೋನ ಬಾಯಿಗೊಂದು. ಮೇಲಾಗಿ ಆ ಎರಡೂ ದೇಶದವರು ಇಂಗ್ಲಿಷಲ್ಲೇ ಇರ್ಲಿ ಅಂದಿದ್ದಾರೆ. ಗುಟ್ಟಿನ ಕಾಗದ ಎಲ್ರಿಗೂ ಅರ್ಥ ಆಗೋ ಭಾಷೇಲಿದ್ರೆ ಅದು ಗುಟ್ಟು ಹೇಗಾಗುತ್ತೆ?"

ಇಸ್ತ್ರಿಯವಳು ಮಸಿ ಹತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಒರೆಸಿಕೊಳ್ಳಲು ಯಾರೂ ಏನೂ ಕೊಟ್ಟಿರಲಿಲ್ಲ. ಮೇಜು ಕುರ್ಚಿಗಳ ಮುಂದೆ ಮಾತಾಡುವ ಹಾಗೆ ಅವಳ ಮುಂದೆ ಅವರಿಬ್ಬರೂ ಮಾತಾಡಿಕೊಂಡರು. ಕೊನೆಗೆ ವಕೀಲಮ್ಮನೇ ದಾರಿ ಹುಡುಕಿದಳು. ಕಾಗದ ಕೆಳಗೆ ಇಳಿಯುವುದು ಬೇಡ, ಹೆಂಗಸರೇ ಮೇಲೆ ಹತ್ತಲಿ. ಕಾಗದದಲ್ಲಿರುವ ಕಷ್ಟದ ಪದಗಳನ್ನು ಅವರಿಗೆ ಕಲಿಸುವುದು. ಕಲಿತ ಮೇಲೆ ಒಬ್ಬೊಬ್ಬರನ್ನೇ ಕ್ಯಾಮೆರಾದ ಮುಂದೆ ಕೂರಿಸಿ ಅರ್ಥ ಹೇಳಿಸುವುದು. ಆಮೇಲೆ ಸಹಿ. ಆಗ ಯಾವ ಕೋರ್ಟೂ ಕಮಕ್ ಕಿಮಕ್ ಅನ್ನುವ ಹಾಗಿಲ್ಲ.

ಹಾಗೆ ಕೆಲಸ ಮುಗಿದ ಮೇಲೆ, ಸಂಜೆ, ನೌಕರರು ಊಟ ಮಾಡುವ ಕೋಣೆಯಲ್ಲಿ ಇಂಗ್ಲಿಷ್ ಶಾಲೆ ಶುರುವಾಯಿತು. ಹೆಂಗಸರು ಮಕ್ಕಳಾಗಿದ್ದಾಗ ಯಾರೂ ಅವರಿಗೆ ಶಾಲೆ ತೆರೆದಿರಲಿಲ್ಲ. ಒಬ್ಬಳು ಸತ್ತಳು, ತೆರೆಯಿತು.

ಮೇಷ್ಟ್ರು ಹೊರಗಿನವರು. ರಾಯಭಾರ ಕಚೇರಿಗಳಲ್ಲಿ ಕೆಲಸ ಹುಡುಕುವ ಪದವೀಧರರಿಗೆ ಪಾಠ ಹೇಳುವವರು. ಇಲ್ಲಿ ಏನಾಗಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಪದಗಳನ್ನು ಕೊಟ್ಟಿದ್ದರು, ಕಲಿಸಿ ಅಂದಿದ್ದರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಇಂಥ ಕೆಲಸಕ್ಕೆ ಬೇಗ ಸಿಗುತ್ತಾರೆ.

"ಇವು ಸಾಮಾನ್ಯ ಪದಗಳಲ್ಲಮ್ಮಾ," ಅಂದರು ಮೊದಲ ದಿನ. "ರಾಯಭಾರಿಗಳ ಪದಗಳು. ನ್ಯಾಯಾಧೀಶರ ಪದಗಳು. ಇವನ್ನ ಕಲಿತವರು ಇವತ್ತು ಪರದೇಶದಲ್ಲಿ ಕೂತಿದ್ದಾರೆ. ನಂದೊಂದು ಪದ್ಧತಿ ಇದೆ. ಅರ್ಥ ಹೇಳಿದ್ರೆ ಅರ್ಧ ಮಾರ್ಕು. ಉದಾಹರಣೆ ಕೊಟ್ರೆ ಪೂರ್ತಿ ಮಾರ್ಕು. ಆ ಉದಾಹರಣೆನೂ ನಿಮ್ಮ ಜೀವನದಿಂದ್ಲೇ ಬರ್ಬೇಕು. ಪುಸ್ತಕದ್ದು ಕೊಟ್ರೆ ಸೊನ್ನೆ."

ಮೊದಲನೆಯ ಪದ ಅಮಿಕಬಲ್. "ಜಗಳ ಗಿಗಳ ಇಲ್ದೆ, ನಗ್ತಾ ನಗ್ತಾ ಮುಗಿಸಿಕೊಳ್ಳೋದು," ಅಂದರು ಮೇಷ್ಟ್ರು. ಹೆಂಗಸರೆಲ್ಲ ಬಾಗಿಲ ಹತ್ತಿರ ಕಾವಲು ಕೂತಿದ್ದ ನಗುಮುಖನ ಕಡೆ ತಿರುಗಿದರು. ಅವನು ನಕ್ಕ. ಅರ್ಥ ಎಲ್ಲರಿಗೂ ಆಯಿತು.

ಎರಡನೆಯದು ಡಿಸ್ಕ್ರೀಶನ್. ಕಂಡದ್ದನ್ನೆಲ್ಲ ಆಡದಿರುವ ವಿವೇಕ. ಒಗೆಯುವ ಯಂತ್ರ ನೋಡಿಕೊಳ್ಳುವ ಉದ್ದಕ್ಕ ಕೈ ಎತ್ತಿದಳು. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದಷ್ಟು ಎತ್ತರದವಳು, ಅದಕ್ಕೇ ಉದ್ದಕ್ಕ. "ಉದಾಹರಣೆ ಹೇಳ್ಲಾ ಮೇಷ್ಟ್ರೇ? ದೊಡ್ಡ ದೊಡ್ಡ ಸಾಹೇಬ್ರ ಹಾಸಿಗೆ ಬಟ್ಟೇಲಿ ಬೆಳಿಗ್ಗೆ ನಾವು ಏನೇನು ನೋಡ್ತೀವೋ, ಅದನ್ನ ಅವರ ಹೆಂಡ್ತೀರಿಗೆ ಹೇಳದೆ ಇರೋದು."

ಕೋಣೆ ಬಿದ್ದು ಬಿದ್ದು ನಕ್ಕಿತು. ನಾದಿನಿ ಸತ್ತ ಮೇಲೆ ಆ ಹೆಂಗಸರು ನಕ್ಕದ್ದು ಅದೇ ಮೊದಲು. ಮೇಷ್ಟ್ರು ಕೆಂಪಾಗಿ, ಕೆಮ್ಮಿ, ಪೂರ್ತಿ ಮಾರ್ಕು ಕೊಟ್ಟರು.

ಮೂರನೆಯದು ಬಂದಾಗ ನಗು ನಿಂತಿತು. ಲಯಬಿಲಿಟಿ. ಹೊಣೆ. ಮೇಷ್ಟ್ರು ಉದಾಹರಣೆಯನ್ನು ತಾವೇ ಕೊಟ್ಟರು. "ಹಾಲು ಉಕ್ಕಿ ಚೆಲ್ತು ಅನ್ನಿ. ಲಯಬಿಲಿಟಿ ಯಾರದು? ಒಲೆ ಮುಂದೆ ಇದ್ದವರದು." ಕಾಗದದಲ್ಲಿ ಹೀಗೇ ಬರೆದಿದೆ ಅಂತ ನಗುಮುಖ ಅವರಿಗೆ ಮೊದಲೇ ಹೇಳಿದ್ದ: ಬಾಯ್ಲರ್ ಹತ್ತಿರ ಇದ್ದವಳು ಅವಳೇ, ಅಜಾಗರೂಕತೆ ಅವಳದೇ, ಹೊಣೆ ಅವಳದೇ. ಸತ್ತವರ ತಲೆಗೆ ಕಟ್ಟುವುದು ಸುಲಭ. ತಲೆ ಅಲ್ಲಾಡಿಸಲೂ ಅವರಿಂದ ಆಗುವುದಿಲ್ಲ.

ಇಸ್ತ್ರಿಯವಳು ಬೇಗ ಕಲಿತಳು. ರೋಲರಿಗೆ ಬಟ್ಟೆ ಕೊಡುತ್ತಾ ಒಂದೊಂದು ಮಡಿಕೆಗೆ ಒಂದೊಂದು ಪದ ಬಾಯಿಪಾಠ ಮಾಡಿದಳು. ಮೇಷ್ಟ್ರಿಗೆ ಅವಳೆಂದರೆ ಹೆಮ್ಮೆ. "ಚಿನ್ನದಂಥ ತಲೆ," ಅನ್ನುತ್ತಿದ್ದರು. ಬೇಗ ಕಲಿತು ಬೇಗ ಸಹಿ ಹಾಕಿ ಇದನ್ನು ಮುಗಿಸಿಬಿಟ್ಟರೆ ಸಾಕು ಅಂತ ಅವಳ ಲೆಕ್ಕ. ಕೆಲಸ ಉಳಿಯುತ್ತದೆ. ಗಂಡ ಲಾರಿ ಹತ್ತಿ ಊರೂರು ತಿರುಗುವವನು, ಅವನು ಕಳಿಸಿದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಅತ್ತಿಗೆ ನಾದಿನಿ ಇಬ್ಬರ ದುಡಿಮೆಯಿಂದ. ಈಗ ಒಬ್ಬಳದು.

ಆದರೆ ಆ ಮನೆಯಲ್ಲಿ ಅತ್ತೆ ಇದ್ದಳು.

ಅತ್ತೆ ಎಂದರೆ ಗಂಡನ ತಾಯಿ. ಸತ್ತವಳ ತಾಯಿಯೂ ಅವಳೇ. ಜೀವಮಾನವಿಡೀ ಕಂಡವರ ಮನೆ ಪಾತ್ರೆ ತಿಕ್ಕಿ ಮಂಡಿ ಸವೆಸಿಕೊಂಡವಳು. ನಾಲಿಗೆ ಮಾತ್ರ ಸವೆದಿರಲಿಲ್ಲ. ಮಗಳ ವಾರಸುದಾರಳು ಅಂತ ಅವಳ ಸಹಿಯೂ ಬೇಕಾಗಿತ್ತು, ಹಾಗಾಗಿ ಅವಳನ್ನೂ ಶಾಲೆಗೆ ಕರೆಸಿದ್ದರು. ಮುದುಕಿ ಕೋಲು ಊರಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಳು. ಬೋರ್ಡಿನ ಮೇಲಿನ ಅಕ್ಷರ ಅವಳಿಗೆ ಇರುವೆ ಸಾಲಿದ್ದ ಹಾಗೆ. ಆದರೆ ಮೇಷ್ಟ್ರು ಹೇಳಿದ ಒಂದು ಮಾತನ್ನೂ ಬಿಡುತ್ತಿರಲಿಲ್ಲ.

"ಡಿಪ್ಲೊಮಸಿ," ಅಂದರು ಮೇಷ್ಟ್ರು ಒಂದು ಸಂಜೆ. "ಇದು ನನಗೆ ಭಾರಿ ಇಷ್ಟವಾದ ಪದ. ನಮ್ಮ ಹಿರಿಯರು ಚೆನ್ನಾಗಿ ಹೇಳಿದಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅದೇ ಡಿಪ್ಲೊಮಸಿ."

"ಹಾವು ಸಾಯ್ಲಿಲ್ಲ," ಅಂದಳು ಅತ್ತೆ ಕೂತಲ್ಲಿಂದಲೇ. "ಕೋಲೂ ಮುರೀಲಿಲ್ಲ. ಮಧ್ಯೆ ನನ್ನ ಮಗಳು ಯಾಕೆ ಸತ್ಲು ಮೇಷ್ಟ್ರೇ?"

ಮೇಷ್ಟ್ರು ಬೋರ್ಡು ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಮುಂದಿನ ಪದ ಬರೆದರು. ಕಾನ್ಫಿಡೆನ್ಶಿಯಲ್. ಗುಟ್ಟಾಗಿ ಇಡಬೇಕಾದದ್ದು.

"ಇಡೋಣ," ಅಂದಳು ಅತ್ತೆ. "ನಾನೇನು ಬೇಡ ಅಂತೀನಾ? ಆದ್ರೆ ಏನನ್ನ ಇಡ್ಬೇಕು? ಅವಳು ಹೋದ ದಿನದ ಬಗ್ಗೆ ನನಗೆ ಗೊತ್ತಿರೋದು ಪೈಪ್ ಒಡೀತು ಅನ್ನೋದು ಒಂದೇ. ಅದು ಪೇಪರಲ್ಲೂ ಬಂತು. ಗುಟ್ಟು ಯಾವುದು ಅಂತ ಹೇಳಿ, ಮಡಿಲಲ್ಲಿ ಕಟ್ಕೊಂಡು ಹೋಗ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಾಗಿಲ ಹತ್ತಿರದ ನಗುಮುಖ ಎದ್ದು ನಿಂತ. "ಅಜ್ಜಿ, ಅದನ್ನ ನಿಮಗೆ ಹೇಳೋ ಹಾಗಿಲ್ಲ. ಅದು ಕಾನ್ಫಿಡೆನ್ಶಿಯಲ್."

ಮೇಷ್ಟ್ರಿಗೆ ಹೋದ ಜೀವ ಬಂತು. "ನೋಡಿ, ನೋಡಿ! ಎಂಥ ಒಳ್ಳೆ ಉದಾಹರಣೆ ಕೊಟ್ರು ಸಾಹೇಬ್ರು!" ಅಂದರು.

ಅಂದು ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಸೊಸೆಯ ತೋಳು ಹಿಡಿದುಕೊಂಡು ನಡೆದಳು. ಬೀದಿಯ ಅಂಗಡಿಗಳಲ್ಲಿ ದೀಪ ಹತ್ತುತ್ತಿದ್ದವು. ಬಸ್ಸು ನಿಲ್ಲುವ ಕಡೆ ಜನ ಜಂಗುಳಿ. ಅತ್ತೆ ಅಲ್ಲೇ ನಿಂತಳು.

"ನಿನಗೆ ಗೊತ್ತು ಕಣೇ," ಅಂದಳು.

"ಏನು ಅತ್ತೆ?"

"ಅದನ್ನೇ ನಾನು ಕೇಳ್ತಿರೋದು. ಉದ್ದಕ್ಕನಿಗೆ ಗೊತ್ತು. ನಿಮಗೆಲ್ಲ ಗೊತ್ತು. ಹೆತ್ತೋಳೊಬ್ಬಳಿಗೆ ಗೊತ್ತಿಲ್ಲ. ಅವಳು ಕೊನೆಗೆ ಏನಾದ್ರೂ ಅಂದ್ಲಾ?"

"ಇಲ್ಲ ಅತ್ತೆ. ಏನೂ ಅನ್ನಲಿಲ್ಲ."

"ಅಮ್ಮಾ ಅಂತನೂ ಅನ್ನಲಿಲ್ವಾ?"

ಇಸ್ತ್ರಿಯವಳು ಬರುತ್ತಿದ್ದ ಬಸ್ಸಿನ ಕಡೆ ನೋಡಿದಳು. ಅದು ಅವರ ಬಸ್ಸಲ್ಲ. ಆದರೂ ಅದನ್ನೇ ನೋಡಿದಳು.

ಮೇಲಕ್ಕೆ ಹತ್ತುವ ಮೆಟ್ಟಿಲ ತುದಿಯ ಕಬ್ಬಿಣದ ಬಾಗಿಲಿಗೆ ಅಂದು ಹೊರಗಿನಿಂದ ಬೀಗ ಹಾಕಿತ್ತು. ದೊಡ್ಡವರ ಮಾತುಕತೆ ಇದ್ದ ದಿನವೆಲ್ಲ ಬೀಗ ಹಾಕುವುದು ಅಲ್ಲಿನ ರೂಢಿ. ಒದ್ದೆ ಕಾಲಿನ ಹೆಂಗಸರು ಮೇಲಿನ ಓಣಿಗಳಲ್ಲಿ ಅಡ್ಡಾಡುತ್ತಾ ಕಣ್ಣಿಗೆ ಬೀಳಬಾರದು ಅಂತ. ಆಸ್ಪತ್ರೆಯಲ್ಲೇ ನಗುಮುಖ ಹೇಳಿದ್ದ: ಒಬ್ಬಳು ಬಾಯಿ ಬಿಟ್ಟರೆ ಎಲ್ಲರೂ ಮನೆಗೆ. ಉದ್ದಕ್ಕನ ಗಂಡ ಹಾಸಿಗೆ ಹಿಡಿದಿದ್ದ. ಇನ್ನೊಬ್ಬಳಿಗೆ ಹೊಟ್ಟೆಯಲ್ಲಿ ಮಗು. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಕಾರಣ ಇತ್ತು. ಇಸ್ತ್ರಿಯವಳಿಗೆ ಇನ್ನೂ ಒಂದು ಹೆಚ್ಚಿಗೆ ಇತ್ತು. ನಿನ್ನ ಮಗಳು ಬೀಗ ಹಾಕಿದ ಬಾಗಿಲ ಹಿಂದೆ ಸಿಕ್ಕಿಬಿದ್ದು ಸತ್ತಳು ಅಂತ ಒಬ್ಬ ತಾಯಿಗೆ ಯಾವ ಬಾಯಲ್ಲಿ ಹೇಳುವುದು? ಹೇಳದಿದ್ದರೆ, ಹೊತ್ತು ಹೊತ್ತಿಗೆ ಆ ತಾಯಿಯ ಮುಂದೆ ಕೂತು ಯಾವ ಬಾಯಲ್ಲಿ ಉಣ್ಣುವುದು?

ಆ ರಾತ್ರಿಯ ಊಟಕ್ಕೆ ಅತ್ತೆ ಮೂರು ತಟ್ಟೆ ಹಾಕಿದಳು. ಆಮೇಲೆ ಒಂದನ್ನು ಎತ್ತಿಟ್ಟಳು. ಇದು ದಿನಾ ನಡೆಯುತ್ತಿತ್ತು. ಅಂದು ಮಾತ್ರ ಎತ್ತಿಡುತ್ತಾ ಹೇಳಿದಳು: "ಸಹಿ ಹಾಕಿಬಿಡ್ತೀನಿ ಬಿಡು. ನಿನ್ನ ಕೆಲಸ ಉಳೀಲಿ. ನಾನಂತೂ ಇವತ್ತೋ ನಾಳೆನೋ. ಗೊತ್ತಿಲ್ದೇನೇ ಹೋಗ್ತೀನಿ."

ಇಸ್ತ್ರಿಯವಳು ತಟ್ಟೆ ಸರಿಸಿ ಎದ್ದಳು.

ಪರೀಕ್ಷೆಯ ದಿನ ಎಲ್ಲರಿಗೂ ಹೊಸ ಸಮವಸ್ತ್ರ ಕೊಟ್ಟರು. ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣಲಿ ಅಂತ. ಅವನ್ನು ಇಸ್ತ್ರಿ ಮಾಡಿದವರೂ ಅವರೇ. ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ನಡುವೆ ಒಂದು ಕುರ್ಚಿ, ಎದುರಿಗೆ ಮೂರು ಕಾಲಿನ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ವಕೀಲಮ್ಮ. ಅವಳ ಮುಂದಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿತ್ತು. ಅದನ್ನು ನೋಡಿದ ಕೂಡಲೇ ಇಸ್ತ್ರಿಯವಳಿಗೆ ಗುರುತು ಹತ್ತಿತು. ಅದೇ ಬಟ್ಟೆ. ಅಂಚಿನಲ್ಲಿ ಕಾಫಿಯ ಕಲೆ ಇನ್ನೂ ಇತ್ತು, ಯಾರೋ ಅವಸರದಲ್ಲಿ ಒಗೆದು ಅರ್ಧಕ್ಕೆ ಬಿಟ್ಟ ಕಲೆ. ಮೇಲಿನ ಕೆಲಸಕ್ಕೆ ಬಾರದ್ದು ನೌಕರರ ಕೋಣೆಗೆ ಇಳಿದಿತ್ತು.

ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ತುದಿಯಲ್ಲಿ ಅತ್ತೆ, ಕೋಲಿನ ಮೇಲೆ ಗದ್ದ ಊರಿಕೊಂಡು.

"ಮೊದಲು ಜಾಣೆ ಬರ್ಲಿ," ಅಂದ ನಗುಮುಖ. "ಉಳಿದವರು ನೋಡಿ ಕಲೀಲಿ."

ಇಸ್ತ್ರಿಯವಳು ಹೋಗಿ ಕೂತಳು. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಅಮಿಕಬಲ್ ಕೇಳಿದರು, ಹೇಳಿದಳು. ಡಿಸ್ಕ್ರೀಶನ್ ಕೇಳಿದರು, ಹೇಳಿದಳು. ಮೇಷ್ಟ್ರು ಮೂಲೆಯಲ್ಲಿ ನಿಂತು ಅವಳ ಜೊತೆಗೇ ತುಟಿ ಅಲ್ಲಾಡಿಸುತ್ತಿದ್ದರು.

"ಡಿಸ್‌ಕ್ಲೋಸ್?" ಅಂದಳು ವಕೀಲಮ್ಮ.

"ಮುಚ್ಚಿಟ್ಟಿದ್ದನ್ನ ಬಾಯಿ ಬಿಟ್ಟು ಹೇಳೋದು."

"ಗುಡ್. ಈ ಕಾಗದದ ಪ್ರಕಾರ ನೀವು ಯಾರಿಗೂ ಡಿಸ್‌ಕ್ಲೋಸ್ ಮಾಡೋ ಹಾಗಿಲ್ಲ. ಮನೆಯವರಿಗೂ ಸಹ. ಅರ್ಥ ಆಯ್ತಲ್ಲ? ಮುಂದಿನದು..."

"ಉದಾಹರಣೆ, ಉದಾಹರಣೆ!" ಅಂದರು ಮೇಷ್ಟ್ರು. ಅಭ್ಯಾಸಬಲ. ತಮ್ಮ ಚಿನ್ನದಂಥ ಶಿಷ್ಯೆಗೆ ಅರ್ಧ ಮಾರ್ಕು ತಪ್ಪಬಾರದು ಅನ್ನುವ ಆಸೆ. "ಉದಾಹರಣೆ ಕೊಡ್ಲಿ ಮೇಡಂ, ಚೆನ್ನಾಗಿ ಕೊಡ್ತಾಳೆ. ಜೀವನದಿಂದ್ಲೇ ಕೊಡ್ತಾಳೆ."

ಇಸ್ತ್ರಿಯವಳು ಹಸಿರು ಬಟ್ಟೆಯ ಅಂಚಿನ ಕಲೆ ನೋಡಿದಳು. ಬೆಂಚಿನ ತುದಿಯ ಕೋಲು ನೋಡಿದಳು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತಳು.

"ಕೊಡ್ತೀನಿ," ಅಂದಳು. "ಅವತ್ತು ಮೇಲೆ ಈ ಬಟ್ಟೆ ಮೇಲೆ ಯಾರೋ ಕಾಫಿ ಚೆಲ್ಲಿದ್ರು. ಮಾತುಕತೆ ಮತ್ತೆ ಶುರುವಾಗೋದ್ರೊಳಗೆ ಒಗೆದು ಇಸ್ತ್ರಿ ಮಾಡಿ ಕೊಡಿ ಅಂತ ಕೆಳಗೆ ಕಳಿಸಿದ್ರು. ಇನ್ನೊಂದು ಬಟ್ಟೆ ಇರ್ಲಿಲ್ವಾ ಅಂತ ಕೇಳ್ಬೇಡಿ. ಇತ್ತು. ಅದರ ಹಸಿರು ಬೇರೆ ಥರ ಇತ್ತಂತೆ. ಬಾಯ್ಲರ್ ಜೋರು ಮಾಡಿ ಅಂದ್ರು. ಪೈಪು ಸೋರ್ತಿದೆ, ಚಿಂದಿ ಸುತ್ತಿ ಇಟ್ಟಿದ್ದೀವಿ, ಬೇಡ ಅಂದ್ವಿ. ಮಾಡಿ ಅಂದ್ರು. ಮಾಡಿದ್ವಿ. ಒಡೀತು."

"ಸಾಕು," ಅಂದಳು ವಕೀಲಮ್ಮ.

"ನಾವು ದಿನಾ ಇಳಿಯೋ ದಾರಿಗೆ ಆವಿ ಅಡ್ಡ ಬಂತು. ಆ ಕಡೆ ಮೆಟ್ಟಿಲು ಹತ್ತಿ ಓಡಿದ್ವಿ. ಬಾಗಿಲಿಗೆ ಹೊರಗಿಂದ ಬೀಗ."

ಬೆಂಚಿನ ತುದಿಯಲ್ಲಿ ಕೋಲು ಸರಿದ ಶಬ್ದವಾಯಿತು.

"ಕ್ಯಾಮೆರಾ ನಿಲ್ಲಿಸ್ರೀ!"

ನಗುಮುಖ ಓಡಿ ಬಂದ. ಯಾವ ಗುಂಡಿ ಒತ್ತಬೇಕೋ ಅವನಿಗೆ ತಿಳಿಯಲಿಲ್ಲ. ಮೇಜಿನ ಮೇಲಿನ ಹಸಿರು ಬಟ್ಟೆ ಎಳೆದು ಕ್ಯಾಮೆರಾದ ಮೇಲೆ ಹೊದಿಸಿದ. ಈಗಲೂ ನಗುತ್ತಲೇ ಇದ್ದ.

"ಮುಚ್ಚಿ ಸಾರ್," ಅಂದಳು ಇಸ್ತ್ರಿಯವಳು. "ನಾನು ಅದಕ್ಕೆ ಹೇಳ್ತಿಲ್ಲ." ಅವಳು ಕುರ್ಚಿಯನ್ನೇ ಬೆಂಚಿನ ಕಡೆ ತಿರುಗಿಸಿಕೊಂಡಳು. "ಅತ್ತೆ, ನಾವೆಲ್ಲ ಸೇರಿ ಬಾಗಿಲು ಬಡಿದ್ವಿ. ಕಿರಿಚಿದ್ವಿ. ಆವಿ ಮೆಟ್ಟಿಲು ಹತ್ತಿ ಬರ್ತಿತ್ತು. ಅಷ್ಟರಲ್ಲಿ ಬಾಗಿಲ ಪಕ್ಕದ ಫೋನು ಹೊಡ್ಕೊಳ್ತು. ಬಂದ್ರು, ಬದುಕಿದ್ವಿ ಅಂದ್ಕೊಂಡ್ವಿ. ಅವಳೇ ಎತ್ತಿದ್ಲು. ಬೀಗ ತೆಗೀರಿ ಅನ್ನೋಕೂ ಬಿಡಲಿಲ್ಲ ಅವರು. ಶಬ್ದ ಮಾಡ್ಬೇಡಿ, ಮೇಲೆ ಶಾಂತಿ ಮಾತುಕತೆ ನಡೀತಿದೆ ಅಂದ್ರು. ನಮಗೆಲ್ಲ ಕೇಳಿಸ್ತು. ಅವಳು ಸಾರಿ ಸರ್ ಅಂದ್ಲು ಅತ್ತೆ. ಅಂದು ಫೋನ್ ಇಟ್ಲು. ಶಬ್ದ ಮಾಡ್ಬಾರ್ದಂತೆ ಕಣ್ರೇ, ನಾನೇ ಹೋಗಿ ವಾಲ್ವ್ ಮುಚ್ಚಿ ಬರ್ತೀನಿ ಅಂತ ತಲೆ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡು ವಾಪಸ್ ಇಳಿದ್ಲು. ಮುಚ್ಚಿದ್ಲು. ಅದಕ್ಕೇ ನಾವು ಬದುಕಿದ್ದೀವಿ. ಅವಳು ಮಾತ್ರ ವಾಪಸ್ ಬರಲಿಲ್ಲ. ಈ ಕಾಗದದಲ್ಲಿ ತಪ್ಪು ಅವಳದು ಅಂತ ಬರೆದಿದ್ದಾರೆ."

ಮೇಷ್ಟ್ರು ಗೋಡೆಗೆ ಒರಗಿದ್ದರು. ಮಾರ್ಕಿನ ಮಾತು ಬರಲಿಲ್ಲ.

ವಕೀಲಮ್ಮ ಕಾಗದಗಳನ್ನು ಸರಿಯಾಗಿ ಜೋಡಿಸಿದಳು. ದನಿ ಏರಿಸದೆ ಹೇಳಿದಳು. "ಆಯ್ತಮ್ಮಾ. ದುಃಖದಲ್ಲಿದ್ದೀರಿ, ನಮಗೂ ಅರ್ಥ ಆಗುತ್ತೆ. ಇದನ್ನ ಇಲ್ಲಿಗೇ ಬಿಡೋಣ. ಸಹಿ ಹಾಕಿ, ಕೆಲಸಕ್ಕೆ ಹೋಗಿ. ಆಗಿದ್ದನ್ನ ನಾವೂ ಹೊಟ್ಟೆಗೆ ಹಾಕ್ಕೊಳ್ತೀವಿ."

"ಹಾಕಲ್ಲ."

"ಕೆಲಸ ಹೋಗುತ್ತೆ."

"ಹೋಗ್ಲಿ."

"ಯೋಚನೆ ಮಾಡಿ ಹೇಳಿ."

"ನೀವೇ ಕಲಿಸಿದ್ರಲ್ಲಮ್ಮಾ. ಅರ್ಥ ಮಾಡ್ಕೊಂಡೇ ಹೇಳ್ತಿದ್ದೀನಿ. ಹಾಕಲ್ಲ."

ಅತ್ತೆ ಎದ್ದಳು. ಕೋಲು ಊರಿಕೊಂಡು ಸೊಸೆಯ ಮುಂದೆ ಬಂದು ನಿಂತಳು. ಕೈ ಎತ್ತಿ ಸೊಸೆಯ ಕೆನ್ನೆಗೆ ಒಂದು ಬಿಟ್ಟಳು. ಮುದಿ ಕೈ, ಪೆಟ್ಟು ಜೋರಿರಲಿಲ್ಲ.

"ಇಷ್ಟು ದಿನ ನನ್ನೆದುರಿಗೇ ಕೂತು ಉಣ್ತಿದ್ಯಲ್ಲೇ," ಅಂದಳು. ಆಮೇಲೆ ಅದೇ ಕೈಯಿಂದ ಆ ಕೆನ್ನೆಯನ್ನು ಸವರಿದಳು. "ಏಳು. ಆ ಬಾಗಿಲು ಎಲ್ಲಿದೆ ತೋರಿಸು."

"ಅಜ್ಜಿ, ಅಲ್ಲಿಗೆಲ್ಲ ಹೋಗೋ ಹಾಗಿಲ್ಲ," ಅಂದ ನಗುಮುಖ ದಾರಿಗೆ ಅಡ್ಡ ನಿಂತು. "ಮೇಲೆ ಇವತ್ತು ಸಭೆ ಇದೆ. ದೊಡ್ಡವರು ಬಂದಿದ್ದಾರೆ."

ಉದ್ದಕ್ಕ ಬೆಂಚಿನಿಂದ ಎದ್ದಳು. ಹೊಸ ಸಮವಸ್ತ್ರದ ತೋಳು ಮೇಲೇರಿಸಿದಳು. ಮೊಣಕೈವರೆಗೆ ಬೆಂದ ಚರ್ಮ, ಅಂದಿನದೇ. ನಗುಮುಖನ ಹತ್ತಿರ ಹೋಗಿ ತಲೆ ಬಗ್ಗಿಸಿ ಅವನ ಮುಖ ನೋಡಿದಳು. "ಪಕ್ಕಕ್ಕೆ ಸರೀರಿ ಸಾರ್," ಅಂದಳು. "ಅಮಿಕಬಲ್ ಆಗಿ ಹೇಳ್ತಿದ್ದೀನಿ."

ಅವನು ಸರಿದ. ಆಗ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅವನ ಮುಖದಲ್ಲಿ ನಗು ಇರಲಿಲ್ಲ. ನಗು ಇಲ್ಲದ ಆ ಮುಖದಲ್ಲಿ ಬೇರೇನೂ ಇರಲಿಲ್ಲ.

ಹೆಂಗಸರೆಲ್ಲ ನೆಲಮಾಳಿಗೆಗೆ ಇಳಿದರು. ಮಾಡುವ ಕೆಲಸ ಬಿಟ್ಟು ಉಳಿದವರೂ ಬಂದರು. ಒದ್ದೆ ನೆಲ ದಾಟಿ, ಬಾಯ್ಲರು ದಾಟಿ, ಕಿರಿದಾದ ಮೆಟ್ಟಿಲು ಹತ್ತಿದರು. ಅತ್ತೆಯನ್ನು ಒಂದೊಂದೇ ಮೆಟ್ಟಿಲು ಹಿಡಿದು ಹತ್ತಿಸಬೇಕಾಯಿತು. ತುದಿಯಲ್ಲಿ ಬಾಗಿಲು. ಕಬ್ಬಿಣದ್ದು. ಅದಕ್ಕೆ ಹೊಸ ಬಣ್ಣ ಬಳಿದಿದ್ದರು. ಕೈ ಬಡಿದ ಗುರುತು, ಉಗುರು ಕೆರೆದ ಗುರುತು ಯಾವುದೂ ಕಾಣದ ಹಾಗೆ ನುಣ್ಣಗೆ ಬಳಿದಿದ್ದರು. ಇಸ್ತ್ರಿಯವಳು ಹಿಡಿಕೆ ಹಿಡಿದು ಎಳೆದಳು.

ಬೀಗ ಹಾಕಿತ್ತು. ಮೇಲೆ ಸಭೆ ಇತ್ತಲ್ಲ.

ಒಬ್ಬಳು ಸತ್ತ ಮೇಲೂ ಅದೇ ಬಾಗಿಲು, ಅದೇ ಬೀಗ. ಬದಲಾಗಿದ್ದದ್ದು ಬಣ್ಣ ಒಂದೇ.

ಅತ್ತೆ ಬಾಗಿಲನ್ನು ಅಂಗೈಯಿಂದ ಮುಟ್ಟಿದಳು. ಮೇಲಿನಿಂದ ಕೆಳಗಿನವರೆಗೆ ಸವರಿದಳು. "ಇಲ್ಲೇನಾ?" ಅಂದಳು.

"ಇಲ್ಲೇ ಅತ್ತೆ."

ಮುದುಕಿ ಕೋಲನ್ನು ಸೊಸೆಯ ಕೈಗೆ ಕೊಟ್ಟಳು. ಎರಡೂ ಕೈ ಎತ್ತಿ ಬಾಗಿಲು ಬಡಿದಳು. ಮತ್ತೆ ಬಡಿದಳು. ಪಾತ್ರೆ ತಿಕ್ಕಿದ ಕೈಗಳು. ಉದ್ದಕ್ಕ ಅವಳ ತಲೆಯ ಮೇಲಿನಿಂದ ಕೈ ಚಾಚಿ ಬಡಿದಳು. ಇಸ್ತ್ರಿಯವಳು ಕೋಲಿನಿಂದ ಬಡಿದಳು. ಹಿಂದಿದ್ದವರು ಗೋಡೆ ಬಡಿದರು, ಮೆಟ್ಟಿಲ ಕಂಬಿ ಬಡಿದರು. ಕಬ್ಬಿಣ ಡಣಡಣ ಅಂತ ಆ ದೊಡ್ಡ ಕಟ್ಟಡದ ಹೊಟ್ಟೆಯೊಳಗೆಲ್ಲ ಕೂಗಿಕೊಂಡಿತು.

ಗೋಡೆಯ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು.

ಎಲ್ಲರ ಕೈಗಳೂ ನಿಂತವು. ಇಸ್ತ್ರಿಯವಳು ಕೈ ಚಾಚುವುದರೊಳಗೆ ಅತ್ತೆಯೇ ಅದನ್ನು ಎತ್ತಿದಳು. ಒಳಗಿನ ಗಂಡು ದನಿ ಮೆಟ್ಟಿಲವರೆಗೂ ಕೇಳಿಸಿತು. "ಯಾರ್ರೀ ಅದು ಶಬ್ದ ಮಾಡ್ತಿರೋದು? ಮೇಲೆ ಸಭೆ ನಡೀತಿದೆ, ಗೊತ್ತಾಗಲ್ವಾ?"

"ಗೊತ್ತಾಯ್ತು," ಅಂದಳು ಮುದುಕಿ. "ಈಗ ತಾನೇ ಗೊತ್ತಾಯ್ತು. ನಾನು ಅವಳ ಅಮ್ಮ."

ಆ ಕಡೆಯವನು ಕಾದ. ಕೆಳಗಿನಿಂದ ಯಾವಾಗಲೂ ಬರುವ ಎರಡು ಮಾತಿಗೆ ಕಾದ.

ಅತ್ತೆ ಆ ಎರಡು ಮಾತು ಆಡಲಿಲ್ಲ. ಫೋನನ್ನು ಕೆಳಗೂ ಇಡಲಿಲ್ಲ. ಮೇಲೆ ಚೆನ್ನಾಗಿ ಕೇಳಿಸಲಿ ಅಂತ ವೈರಿನಲ್ಲಿ ನೇತಾಡಲು ಬಿಟ್ಟು, ಮತ್ತೆ ಬಾಗಿಲು ಬಡಿಯತೊಡಗಿದಳು.